ರವಿವಾರ ಸಂಜೆಯ ಗುಳಿಗೆ

ಶುರುವಾದದ್ದು ನಾನಖಟಾಯಿಯಿಂದ. ಮೈದಾ, ತುಪ್ಪ, ಪುಡಿಸಕ್ಕರೆ ಕಲಸಿ, ಸಣ್ಣ ಉಂಡೆ ಮಾಡಿ, ಅಂಗೈಯಲ್ಲಿ ಸ್ವಲ್ಪ ಒತ್ತಿ ತಟ್ಟೆಯಲ್ಲಿಡುವುದು, ಅಷ್ಟೇ ಕೆಲಸ. ಅವತ್ತು ಬೆಳಿಗ್ಗೆ ಉಂಡೆ ಕಟ್ಟಲು ಹೋದರೆ ಬೆರಳು ಮಡಚಲೇ ಇಲ್ಲ. ನೋವು ಅಂತ ಹೇಳುವ ಹಾಗೂ ಇರಲಿಲ್ಲ. ನೂಲಿಗೆ ಗಂಜಿ ಹಾಕಿ ಒಣಗಿಸಿದಂತೆ ಬಿರುಸಾಗಿದ್ದವು. ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಕೂತೆ. ಹತ್ತು ಗಂಟೆಯ ಹೊತ್ತಿಗೆ ಸಡಿಲಾದವು. ಕೈ ಮೇಲೆ ಮಲಗಿರಬೇಕು ಅಂದುಕೊಂಡು ಮತ್ತೆ ಹಿಟ್ಟಿಗೆ ಕೈ ಹಾಕಿದೆ. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ.

ನಾನು ಮಹಾರಾಷ್ಟ್ರದ ಮಗ್ಗಗಳ ಊರು ಇಚಲಕರಂಜಿಗೆ ಮದುವೆಯಾಗಿ ಬಂದವಳು, ತವರು ದತ್ತವಾಡ. ಮನೆಯವರದು ನೂಲಿನ ವ್ಯಾಪಾರ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಒಬ್ಬಳೇ ಮಗಳು ಅಮೃತಾಳನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದೇವೆ. ಕೇಕು, ಬಿಸ್ಕೀಟು, ಹೊಲಿಗೆ ಇವನ್ನು ನಾನು ಮಾರಲಿಕ್ಕೆ ಮಾಡಿದವಳಲ್ಲ. ಮನೆಗೆಲಸ ಮುಗಿದ ಮೇಲೆ ಕೈ ಸುಮ್ಮನೆ ಕೂಡುತ್ತಿರಲಿಲ್ಲ, ಅಷ್ಟೇ. ತತ್ತಿ ಇಲ್ಲದ ಕೇಕನ್ನು ನಮ್ಮ ಓಣಿಗೆ ಕಲಿಸಿದವಳು ನಾನೇ. ಮೊದಲು ಕುಕ್ಕರಿನ ತಳಕ್ಕೆ ಉಪ್ಪು ಹಾಕಿ ಮಾಡುತ್ತಿದ್ದೆ, ಆಮೇಲೆ ಮಗಳು ಕೊಡಿಸಿದ ಒವನ್ನಿನಲ್ಲಿ. ಮಗ್ಗದವರು ಬಿಟ್ಟ ತುಂಡು ಬಟ್ಟೆಯಿಂದ ಕೌದಿ, ಕೈಚೀಲ. ಜಂಪರಿಗೆ ಕೈಹೊಲಿಗೆ. ನನ್ನ ಹೊಲಿಗೆಯಲ್ಲಿ ಒಳಮೈ ಯಾವುದು, ಹೊರಮೈ ಯಾವುದು ತಿಳಿಯುವುದಿಲ್ಲ ಅಂತ ಜನ ಹೇಳುತ್ತಿದ್ದರು. ಜನ ಹೇಳುವುದನ್ನು ನಾನು ಸ್ವಲ್ಪ ಜಾಸ್ತಿಯೇ ಕೇಳಿಸಿಕೊಳ್ಳುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದ ಅನಾಹುತಕ್ಕೆ ರೋಗ ಅರ್ಧ ಕಾರಣವಾದರೆ ಈ ಗುಣ ಇನ್ನರ್ಧ.

ಮೂರು ತಿಂಗಳು ಸಲಹೆಗಳಲ್ಲೇ ಕಳೆದವು. ಒಬ್ಬರು ಮೊಸರು ಬಿಡು ಅಂದರು, ಇನ್ನೊಬ್ಬರು ಮೆಂತ್ಯ ನುಂಗು ಅಂದರು. ತಾಮ್ರದ ಕಡಗ ತಂದುಕೊಟ್ಟರು. ಫೋನು ಹಿಡಿದುಕೊಂಡು ಹೂಂ, ಹೂಂ ಅನ್ನುವುದಕ್ಕೂ ನನಗೆ ಸಾಕಾಗುತ್ತಿತ್ತು. ನೋವಿಗಿಂತ ಹೆಚ್ಚು ನನ್ನನ್ನು ತಿಂದದ್ದು ಆ ದಣಿವು. ಬೆಳಿಗ್ಗೆ ಎದ್ದಾಗಲೇ ಇಡೀ ದಿನ ಕಬ್ಬು ಕಡಿದು ಬಂದವಳಂತೆ ಆಗಿರುತ್ತಿತ್ತು. ತಲೆ ಬಾಚಿಕೊಂಡ ಮೇಲೆ ಒಂದಷ್ಟು ಹೊತ್ತು ಮಲಗಬೇಕು. ಸ್ನಾನವಾದ ಮೇಲೆ ಮತ್ತೆ ಮಲಗಬೇಕು. ಜೋಳದ ಭಕ್ರಿ ತಿನ್ನುವಾಗ ದವಡೆ ದಣಿಯುತ್ತಿತ್ತು ಅಂದರೆ ನಂಬುವವರು ಯಾರು?

ಕೊನೆಗೆ ಮನೆಯವರು ಕೊಲ್ಹಾಪುರಕ್ಕೆ ಕರೆದುಕೊಂಡು ಹೋದರು. ಬಸ್ಸು ಹಾತಕಣಂಗಲೆಯಲ್ಲಿ ನಿಂತಾಗ ಇವರು ಇಳಿದು ನನಗೆ ಬಾಳೆಹಣ್ಣು ತಂದರು. ಸಿಪ್ಪೆ ಸುಲಿಯಲು ಆಗದೆ ಹಣ್ಣನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಇವರು ತೆಗೆದುಕೊಂಡು ಸುಲಿದು ಕೊಟ್ಟರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನಗಾಗಿ ಇವರು ಸುಲಿದ ಮೊದಲ ಹಣ್ಣು ಅದು.

ಸಂಧಿವಾತದ ಡಾಕ್ಟರ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡಿಯೇ ನನಗೆ ಅರ್ಧ ವಿಷಯ ತಿಳಿಯಿತು. ಬಕ್ಕಲು ಇರುವ ಚಪ್ಪಲಿ ಒಂದೂ ಇರಲಿಲ್ಲ, ಎಲ್ಲ ಸುಮ್ಮನೆ ಕಾಲು ತೂರಿಸುವಂಥವೇ. ಒಳಗೆ ಬೆಂಚುಗಳ ಮೇಲೆ ಕೂತವರೆಲ್ಲ ಒಬ್ಬರ ಕೈಯನ್ನು ಒಬ್ಬರು ಕದ್ದು ನೋಡುತ್ತಿದ್ದರು. ನಾನೂ ನೋಡಿದೆ. ಪಕ್ಕದಲ್ಲಿದ್ದ ಮುದುಕಿಯ ಬೆರಳುಗಳು ಗಾಳಿಗೆ ಬಿದ್ದ ಜೋಳದ ದಂಟಿನ ಹಾಗೆ ಒಂದೇ ಕಡೆಗೆ ವಾಲಿದ್ದವು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

"ನಿಮ್ದೂ ಕೈ ಏನ್ರಿ?" ಅಂದರು.

"ಹೌದ್ರಿ."

"ಲಗೂನ ಬಂದೀರಿ, ಚಲೋ ಆತು. ನಾ ಆರ ವರ್ಷ ಎಣ್ಣಿ ಹಚ್ಚಿಕೋತ ಕುಂತೆ."

ಡಾಕ್ಟರು ಚಿಕ್ಕ ವಯಸ್ಸಿನವರು. ಮಾತೆಲ್ಲ ಮರಾಠಿಯಲ್ಲೇ ನಡೆಯಿತು, ನಾನು ನನ್ನ ಕನ್ನಡದಲ್ಲಿ ಬರೆಯುತ್ತೇನೆ, ಚಿಕ್ಕಮ್ಮ ಅನ್ನುವ ಅವರ 'ಕಾಕೂ' ಮಾತ್ರ ಹಾಗೇ ಇರಲಿ. ನನ್ನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ, ರಕ್ತದ ರಿಪೋರ್ಟು ಓದಿ, "ಕಾಕೂ, ಇದು ಹೋಗೂ ಬ್ಯಾನಿ ಅಲ್ಲ, ಆದರ ಹತೋಟಿಗೆ ಬರೂ ಬ್ಯಾನಿ. ಮೊದಲನೇ ವರ್ಷ ಭಾಳ ಮುಖ್ಯ. ಈಗ ಹಿಡದು ಹಾಕಿದ್ವಿ ಅಂದ್ರ ಬೆರಳು ಉಳೀತಾವು. ಒಮ್ಮೆ ಸೊಟ್ಟ ಆದವು ಅಂದ್ರ ಮತ್ತ ನೆಟ್ಟಗ ಆಗಂಗಿಲ್ಲ," ಅಂದರು.

ವಾರಕ್ಕೊಂದೇ ಸಲ ತೆಗೆದುಕೊಳ್ಳುವ ಹಳದಿ ಗುಳಿಗೆ ಬರೆದುಕೊಟ್ಟರು. ಪ್ರತಿ ರವಿವಾರ, ರಾತ್ರಿ ಊಟವಾದ ಮೇಲೆ. ನೀರು ಚೆನ್ನಾಗಿ ಕುಡಿಯಬೇಕು. ಮುಖ್ಯ ಔಷಧ ಇದೇ, ಉಳಿದವೆಲ್ಲ ಇದಕ್ಕೆ ಜೊತೆ ಅಂದರು. ನಾನು ತಲೆ ಆಡಿಸಿದೆ. ಕೇಳಬೇಕಾದ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ, ನೀರನ್ನೂ ಮುಟ್ಟುವುದಿಲ್ಲ. ಮದುವೆಯಾದ ವರ್ಷ ಅತ್ತೆಯನ್ನು ನೋಡಿ ಬಸದಿಯಲ್ಲಿ ಮುನಿ ಮಹಾರಾಜರ ಮುಂದೆ ತೆಗೆದುಕೊಂಡ ನೇಮ. ಈಗ ನಮ್ಮಲ್ಲಿ ಎಷ್ಟೋ ಜನ ಬಿಟ್ಟಿದ್ದಾರೆ, ಯಾರೂ ಯಾರನ್ನೂ ಏನೂ ಅನ್ನುವುದಿಲ್ಲ. ನಾನು ಮಾತ್ರ ಬಿಟ್ಟಿರಲಿಲ್ಲ. ಬಾಣಂತನದಲ್ಲೂ ಬಿಟ್ಟಿರಲಿಲ್ಲ. "ಸುಮತಿದು ಅಂದ್ರ ಕಡಕ ನೇಮ" ಅಂತ ಬಸದಿಯ ಕಟ್ಟೆಯ ಮೇಲೆ ಕೂತ ಹೆಂಗಸರು ಅಂದರೆ, ಒಳಗೊಳಗೇ ಉಬ್ಬುತ್ತಿದ್ದೆ.

ಮೊದಲ ರವಿವಾರ ಸಂಜೆ ಆರಕ್ಕೆ ಊಟ ಮಾಡಿ, ಗುಳಿಗೆ ನುಂಗಿ, ಎರಡು ಲೋಟ ನೀರು ಕುಡಿದು ಬಾಯಿ ಮುಕ್ಕಳಿಸಿದೆ. ಆಯಿತು ಅಂದುಕೊಂಡೆ. ಒಂದು ತಾಸಿನಲ್ಲಿ ಹೊಟ್ಟೆ ತೊಳಸತೊಡಗಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ವಾಂತಿಯಾಯಿತು. ಆಮೇಲೆ ಒಂದು ಗುಟುಕು ನೀರು ಬೇಕೆನಿಸಿತು, ಆದರೆ ಕುಡಿಯುವಂತಿಲ್ಲ. ಸೂರ್ಯ ಹುಟ್ಟುವ ತನಕ ಹಾಗೇ ಬಿದ್ದುಕೊಂಡೆ. ಎರಡನೆಯ ರವಿವಾರವೂ ಅದೇ ಹಾಡು. ಮೂರನೆಯ ರವಿವಾರ ಗುಳಿಗೆಯನ್ನು ಪಾಕೀಟಿನಿಂದ ಒಡೆದು ತೆಗೆದೆ, ಬಾಯಿಗೆ ಹಾಕಲಿಲ್ಲ. ಹೊಲಿಗೆಯ ಗುಂಡಿ ಇಡುವ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದೆ.

ಒಂದು ವಾರ ಬಿಟ್ಟರೆ ಏನಾದೀತು ಅನ್ನುವುದೇ ಆವತ್ತಿನ ಲೆಕ್ಕ. ಮುಂದಿನ ವಾರ ಆ ಸಂಕಟ ನೆನೆದೇ ಹೊಟ್ಟೆ ತೊಳಸಿತು. ಮತ್ತೆ ಡಬ್ಬಿ. ಖಾಲಿ ಪಾಕೀಟನ್ನು ಇವರಿಗೆ ಕಾಣುವಂತೆ ಮೇಜಿನ ಮೇಲೆ ಇಡುತ್ತಿದ್ದೆ. "ತೊಗೊಂಡಿ ಇಲ್ಲ?" ಅಂತ ಇವರು ಕೇಳಿದರೆ "ತೊಗೊಂಡೆ" ಅನ್ನುತ್ತಿದ್ದೆ. ಹಟ ಅನ್ನಿ, ಜಂಬ ಅನ್ನಿ, ಏನು ಬೇಕಾದರೂ ಅನ್ನಿ. ಗುಳಿಗೆಗೋಸ್ಕರ ನೇಮ ಮುರಿದೆ ಅಂತ ಅತ್ತೆಯ ಮುಂದೆ ಹೇಳಲಾರದೆ ಹೋದೆ. ನೇಮಕ್ಕೋಸ್ಕರ ಗುಳಿಗೆ ಬಿಟ್ಟೆ ಅಂತ ಡಾಕ್ಟರ ಮುಂದೆ ಹೇಳಲಾರದೆ ಹೋದೆ. ಇಬ್ಬರಿಗೂ ಸುಳ್ಳು ಹೇಳಿದೆ.

ಆ ತಿಂಗಳುಗಳ ಬಗ್ಗೆ ಬರೆಯುವಾಗಲೂ ದಣಿವಾಗುತ್ತದೆ. ನೋವಿನ ಗುಳಿಗೆಯ ಬಲದ ಮೇಲೆ ದಿನ ದೂಡುತ್ತಿದ್ದೆ. ಇಡೀ ಓಣಿಯ ಹೆಂಗಸರ ಜಂಪರಿಗೆ ಹುಕ್ಕು ಹಚ್ಚಿದವಳಿಗೆ ತನ್ನ ಜಂಪರಿನ ಹುಕ್ಕು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಬೆಳಿಗ್ಗೆ ಇವರು ಚಷ್ಮಾ ಏರಿಸಿಕೊಂಡು, ನೂಲಿನ ಗಂಟು ಬಿಡಿಸುವವರ ಹಾಗೆ ತಲೆ ಬಗ್ಗಿಸಿ, ಒಂದೊಂದೇ ಹುಕ್ಕು ಹಾಕುತ್ತಿದ್ದರು. ಮೊದಮೊದಲು ಇಬ್ಬರಿಗೂ ನಾಚಿಕೆ. ಆಮೇಲೆ ಅದೂ ಒಂದು ಕೆಲಸವಾಯಿತು, ಹಾಲು ಕಾಯಿಸುವ ಹಾಗೆ. ಭಕ್ರಿ ಬಡಿಯುವುದನ್ನೂ ಕಲಿತರು. ಅವರ ಭಕ್ರಿಗೆ ಒಂದು ಆಕಾರ ಅಂತ ಇರಲಿಲ್ಲ, ದಪ್ಪ ಮಾತ್ರ ಬೇಕಾದಷ್ಟಿತ್ತು. ಎಂಬತ್ತರ ಸಮೀಪದ ಅತ್ತೆ ಅದನ್ನು ಹಾಲಿನಲ್ಲಿ ನೆನೆಸಿ ತಿಂದು "ಚಲೋ ಆಗ್ಯಾವ" ಅಂತಿದ್ದರು.

ಒವನ್ನಿನ ಮೇಲೆ ಬಟ್ಟೆ ಹೊದಿಸಿದೆವು. ಹೊಲಿಗೆಯಂತ್ರದ ಮೇಲೆ ಇಸ್ತ್ರಿಯ ಬಟ್ಟೆಗಳು ಕೂತವು. ಸಂಜೆ ಅರ್ಧ ಹೊಲಿದ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ಕೂಡುತ್ತಿದ್ದೆ. ಸೂಜಿ ಹಿಡಿಯುವ ಎರಡು ಬೆರಳುಗಳು, ತೋರುಬೆರಳು ಮತ್ತು ನಡುಬೆರಳು, ಸ್ವಲ್ಪ ಸ್ವಲ್ಪವಾಗಿ ಕಿರುಬೆರಳಿನ ಕಡೆಗೆ ಹೊರಳುತ್ತಿದ್ದವು. ಅಳತೆಯ ಟೇಪಿನ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ನನಗೆ ಭಯವಾಗುತ್ತಿತ್ತು. ಆದರೂ ರವಿವಾರ ಬಂದರೆ ಕೈ ಡಬ್ಬಿಯ ಕಡೆಗೇ ಹೋಗುತ್ತಿತ್ತು.

ಕೊಲ್ಹಾಪುರದಲ್ಲಿ ಡಾಕ್ಟರು ಪ್ರತಿ ಸಲ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು. "ಗೋಳ್ಯಾ ಘೇತಾಯ್ ನಾ, ಕಾಕೂ?" ಅಂತ ಮರಾಠಿಯಲ್ಲಿ ಕೇಳುತ್ತಿದ್ದರು. ಗುಳಿಗೆ ತಗೊಳ್ಳುತ್ತಿದ್ದೇನೆ ಅಂತ ತಲೆ ಆಡಿಸುತ್ತಿದ್ದೆ. ಅವರು ಪ್ರಮಾಣ ಹೆಚ್ಚಿಸಿದರು. ನಾನು ಡಬ್ಬಿಗೆ ಹಾಕುವ ಗುಳಿಗೆಗಳೂ ಹೆಚ್ಚಾದವು. ಆರನೆಯ ತಿಂಗಳು ಅವರು ಪೆನ್ನು ಕೆಳಗಿಟ್ಟು, "ಈ ಔಷಧ ನಿಮಗ ಹತ್ತಲಿಲ್ಲ ಅನಸ್ತದ. ಮುಂದಿನ ಸಲ ಇದಕ್ಕಿಂತ ಜೋರಿಂದು ಸುರು ಮಾಡೂಣು. ಅದಕ್ಕ ಮೊದಲ ಎದಿ ಫೋಟೋ, ಮತ್ತ ಬ್ಯಾರೆ ಟೆಸ್ಟ್ ಆಗಬೇಕು," ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಇವರ ಮುಖ ಸಣ್ಣದಾಗಿತ್ತು. "ಎಲ್ಲಾ ಸರಿಯಾಗಿ ಮಾಡೀವಿ, ಆದರೂ ಯಾಕ ಹಿಂಗ?" ಅಂದರು. ಆ ಮಾತು ಕೇಳಿ ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ, ನಾನು.

ಬಯಲಾದದ್ದು ಆ ವಾರವೇ. ಅತ್ತೆಯ ಸ್ವೆಟರಿನ ಗುಂಡಿ ಕಿತ್ತಿತ್ತು. ನನಗೆ ಕೇಳಿದರೆ ಕೈ ನೋಯುತ್ತದೆ ಅಂತ ತಾವೇ ಡಬ್ಬಿ ತೆಗೆದುಕೊಂಡು ಬಿಸಿಲಿಗೆ ಕೂತಿದ್ದರು. ನಾನು ಒಳಗೆ ಮಲಗಿದ್ದೆ.

"ಸುಮತಿ, ಬಾ ಇಲ್ಲೆ. ಈ ಹಳದಿ ಗುಂಡಿಗೆ ತೂತ ಎಲ್ಲದ? ಆಗಿಂದ ಹುಡಕಾಕತ್ತೇನಿ," ಅಂದರು.

ಹೊರಗೆ ಬಂದು ನೋಡಿದರೆ ಅಂಗೈಯಲ್ಲಿ ಗುಳಿಗೆ ಹಿಡಿದುಕೊಂಡು ಸೂಜಿಯ ಮೊನೆಯಿಂದ ಚುಚ್ಚುತ್ತಿದ್ದಾರೆ. ಸೆರಗಿನ ಮೇಲೆ ಇನ್ನೊಂದು ಹಿಡಿ ಸುರಿದುಕೊಂಡಿದ್ದಾರೆ. ನನಗೆ ನಗು ಬಂತು. ನಗುತ್ತ ನಗುತ್ತ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಇವರೂ ಊಟಕ್ಕೆ ಬಂದಿದ್ದರು, ಬಾಗಿಲಲ್ಲೇ ನಿಂತರು. ಎಲ್ಲ ಹೇಳಿದೆ. ಸಂಜೆಯ ಸಂಕಟ, ನೀರು, ನೇಮ, ಡಬ್ಬಿ, ಸುಳ್ಳು, ಎಲ್ಲ.

ಇವರು ಒಳಗೆ ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೆಳಿಗ್ಗೆ ಹುಕ್ಕು ಮಾತ್ರ ಹಾಕಿದರು. ಅತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಗುಳಿಗೆಗಳನ್ನೆಲ್ಲ ಮತ್ತೆ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದರು.

"ನನ್ನ ನೇಮ ಏನಂತ ಒಮ್ಮೆರ ಕೇಳೀಯೇನ ನೀ?" ಅಂದರು.

"ಏನ್ ಕೇಳೂದರಿ ಅತ್ತಿ? ದಿನಾ ನೋಡತೇನಲ್ಲ."

"ನೋಡಿದ್ರ ಏನ್ ತಿಳೀತದ? ಔಷಧಕ್ಕ, ಔಷಧದ ನೀರಿಗೆ ಸೂಟ ಇಟ್ಕೊಂಡ, ಅವನ್ನ ಬಿಟ್ಟ ನೇಮ ತೊಗೊಂಡೇನಿ ನಾ. ಮಹಾರಾಜರ ಹೇಳಿದ್ರು, ಹಿಂಗ ತೊಗೋ ತಾಯಿ, ಶರೀರ ಅಂದ ಮ್ಯಾಲೆ ಜಡ್ಡ ಇರತದ ಅಂತ. ಬಿಪಿ ಗುಳಿಗಿ ರಾತ್ರಿ ಎಂಟಕ್ಕ ತೊಗೊಳ್ಳೂದು ನೀ ನೋಡೇ ಇಲ್ಲ?"

ನೋಡಿರಲಿಲ್ಲ. ಅವರು ಗುಳಿಗೆಯನ್ನು ತಮ್ಮ ಕೋಣೆಯಲ್ಲಿ ತೆಗೆದುಕೊಳ್ಳುತ್ತಿದ್ದರು. ಅವರಿಗಿಂತ ಒಂದು ಕೈ ಮೇಲಾಗಬೇಕು ಅಂತ ಇಪ್ಪತ್ತೆಂಟು ವರ್ಷ ಪಂದ್ಯ ಕಟ್ಟಿದವಳು ನಾನು. ಪಂದ್ಯ ನಡೆದಿದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ಮುಂದಿನ ಸಲ ಅತ್ತೆಯೂ ಹಟ ಹಿಡಿದು ಕೊಲ್ಹಾಪುರಕ್ಕೆ ಬಂದರು. ಡಾಕ್ಟರ ಮೇಜಿನ ಮೇಲೆ ಡಬ್ಬಿಯನ್ನು ಇಟ್ಟು, "ಸಾಹೇಬ, ಈಕಿ ತಿನ್ನಲಾರದ್ದು ಇಲ್ಲೆದ," ಅಂತ ಕನ್ನಡದಲ್ಲೇ ಹೇಳಿದರು. ಡಾಕ್ಟರಿಗೆ ಭಾಷೆ ತಿಳಿಯಲಿಲ್ಲ, ಡಬ್ಬಿ ತಿಳಿಯಿತು. ಅವರು ಸಿಟ್ಟಾಗಬಹುದು ಅಂತ ಕಾದೆ. ಸಿಟ್ಟಾಗಲಿಲ್ಲ, ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡರು. ಅವರಿಗೂ ದಣಿವಾಗಿತ್ತು ಅಂತ ಕಾಣುತ್ತದೆ.

"ಕಾಕೂ, ರಾತ್ರಿ ಅಂತ ನಾ ಯಾಕ ಹೇಳ್ತೇನಿ ಗೊತ್ತದೇನು? ನಿದ್ದಿ ಹತ್ತಿದ್ರ ಹೊಟ್ಟಿ ತೊಳಸೂದು ಗೊತ್ತಾಗಂಗಿಲ್ಲ ಅಂತ, ಅಷ್ಟ. ನೀವು ಬೆಳಿಗ್ಗೆ ನಾಷ್ಟಾ ಮಾಡಿ ತೊಗೊಂಡ್ರೂ ನಡೀತದ. ಇಡೀ ದಿನ ನೀರ ಕುಡೀಬಹುದು."

"ಬೆಳಿಗ್ಗೆ?" ಅಂದೆ.

"ಬೆಳಿಗ್ಗೆ. ನೀವು ಒಂದ ಮಾತ ಕೇಳಿದ್ರ ಅವತ್ತ ಹೇಳ್ತಿದ್ದೆ."

ಅವರು ಮತ್ತೆ ಬೆರಳುಗಳನ್ನು ಹಿಡಿದು ನೋಡಿದರು. ಎಂಟು ಬೆರಳು ಉಳಿಸಿಕೊಳ್ಳೋಣ, ಈ ಎರಡು ಮೊದಲಿನ ಹಾಗೆ ಆಗುವುದು ಕಷ್ಟ ಅಂದರು. ಮೊದಲಿಂದ ತಗೊಂಡಿದ್ದರೆ ಉಳಿಯುತ್ತಿದ್ದವಾ ಅಂತ ಕೇಳಿದೆ. "ಅದನ್ನ ಯಾರೂ ಹೇಳಾಕ ಆಗಂಗಿಲ್ಲ," ಅಂದರು. ದಯೆಯಿಂದ ಹಾಗೆ ಹೇಳಿದರು ಅಂತ ನನಗೆ ಗೊತ್ತಾಯಿತು. 

ಅಂದಿನಿಂದ ರವಿವಾರ ಬೆಳಿಗ್ಗೆ ಉಪ್ಪಿಟ್ಟಿನ ನಂತರ ಅತ್ತೆಯೇ ಗುಳಿಗೆ ತಂದು ಕೊಡುತ್ತಾರೆ, ಕೊಟ್ಟು ನುಂಗುವ ತನಕ ಎದುರಿಗೇ ನಿಲ್ಲುತ್ತಾರೆ. ಹೊಟ್ಟೆ ತೊಳಸುತ್ತದೆ, ಒಣಶುಂಠಿ ಬಾಯಲ್ಲಿ ಇಟ್ಟುಕೊಳ್ಳುತ್ತೇನೆ, ನೀರು ಕುಡಿಯುತ್ತೇನೆ. ಮೂರು ತಿಂಗಳಿಗೆ ಬೆಳಗಿನ ಬಿರುಸು ಕಡಿಮೆಯಾಯಿತು. ಆರು ತಿಂಗಳಿಗೆ ಹುಕ್ಕು ನಾನೇ ಹಾಕಿಕೊಳ್ಳತೊಡಗಿದೆ. ಇವರು ಮೊದಲ ದಿನ ಚಷ್ಮಾ ಹಾಕಿಕೊಂಡು ಬಂದು ಸುಮ್ಮನೆ ನಿಂತು ಹೋದರು. ದಣಿವು ಮಾತ್ರ ಪೂರ್ತಿ ಹೋಗಿಲ್ಲ. ಒಂದು ದಿನ ಕೇಕು ಮಾಡಿದರೆ ಎರಡು ದಿನ ಮಲಗುತ್ತೇನೆ. ಕಲಸುವುದಕ್ಕೆ ಈಗ ಕರೆಂಟಿನ ಯಂತ್ರ ಬಂದಿದೆ, ಒವನ್ನಿನ ತಟ್ಟೆ ಎತ್ತಿಡಲು ಇವರಿದ್ದಾರೆ. ಆ ಎರಡು ಬೆರಳು ಹಾಗೇ ಇವೆ.

ಅಮೃತಾ ಬಸುರಿಯಾಗಿ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ಹುಟ್ಟುವ ಕೂಸಿಗೆ ತಾಯಿಯ ತಾಯಿ ಕುಂಚಿಗೆ ಹೊಲಿಯುವುದು ನಮ್ಮ ಮನೆಯ ಪದ್ಧತಿ. "ಅವ್ವಾ, ಅಂಗಡ್ಯಾಗ ಚಂದ ಚಂದ ಸಿಗತಾವ, ನೀ ತ್ರಾಸ ತೊಗೋಬ್ಯಾಡ," ಅಂದಳು. ನಾನು ಕೇಳಲಿಲ್ಲ. ಯಂತ್ರದಲ್ಲಿ ಹೊಲಿಯಬಹುದಿತ್ತು, ಆದರೆ ಕೂಸಿನ ತಲೆಗೆ ಒರಟು ಹೊಲಿಗೆ ತಾಗಬಾರದು ಅಂತ ಕೈಯಿಂದಲೇ ಹೊಲಿಯುತ್ತಾರೆ. ಸೂಜಿಯನ್ನು ಹೆಬ್ಬೆರಳು ಮತ್ತು ಉಂಗುರಬೆರಳಿನ ನಡುವೆ ಹಿಡಿಯುವುದನ್ನು ಕಲಿಯಲು ಹದಿನೈದು ದಿನ ಹಿಡಿಯಿತು. ದಿನಕ್ಕೆ ಒಂದು ಗೇಣು ಹೊಲಿದರೆ ಹೆಚ್ಚು. ಎಷ್ಟೋ ಸಲ ಬಿಚ್ಚಿದೆ. ಅತ್ತೆ ಎದುರಿಗೆ ಕೂತು ನೋಡುತ್ತಿದ್ದರು, ಒಮ್ಮೆಯೂ ಸಾಕು ಮಾಡು ಅನ್ನಲಿಲ್ಲ.

ಹೆಸರಿಡುವ ದಿನ ಗಡಹಿಂಗ್ಲಜದಿಂದ ಬೀಗರ ಮಂದಿ ಬಂದರು. ಮನೆ ತುಂಬಿತ್ತು. ತೊಟ್ಟಿಲಿನ ಪಕ್ಕ ತಟ್ಟೆಯಲ್ಲಿ ಇಟ್ಟಿದ್ದ ಕುಂಚಿಗೆಯನ್ನು ಬೀಗತಿ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಹೊಲಿಗೆ ಒಂದು ಕಡೆ ಹತ್ತಿರ, ಒಂದು ಕಡೆ ದೂರ. ಅಂಚು ಅಂಕುಡೊಂಕು. ಅವರ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆಶ್ಚರ್ಯ ಅಷ್ಟೇ.

"ಇದನ್ನ ಯಾರ ಹೊಲದಾರರಿ?" ಅಂದರು.

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಅಂದರು, "ನಾನರಿ. ಕಣ್ಣು ಮೊದಲಿನಂಗ ಕಾಣಂಗಿಲ್ಲ ನೋಡ್ರಿ. ಸುಮತಿ ಬ್ಯಾಡ ಅಂದ್ಲು, ನಾನ ಕೇಳಲಿಲ್ಲ."

ಎಲ್ಲರೂ ನಕ್ಕರು. ವಯಸ್ಸಾದವರ ಕೈಯ ಹೊಲಿಗೆ ಕೂಸಿಗೆ ಒಳ್ಳೆಯದು ಅಂತ ಯಾರೋ ಅಂದರು. ಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅತ್ತೆ ನನ್ನ ಕಡೆ ನೋಡಲಿಲ್ಲ, ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದರು. ಎಂಬತ್ತು ವರ್ಷ ಸುಳ್ಳಾಡದ ಹೆಂಗಸು ನನ್ನ ಸಲುವಾಗಿ ಸುಳ್ಳು ಹೇಳಿದ್ದರು.

"ಅಲ್ಲರಿ," ಅಂದೆ. "ಅದು ನಾ ಹೊಲದದ್ದು. ನನ್ನ ಬೆರಳ ಈಗ ಹಿಂಗದಾವು." ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ಎಲ್ಲರ ಮುಂದೆ ಚಾಚಿದೆ. ಬೀಗತಿ ನನ್ನ ಕೈ ನೋಡಿದರು, ಕುಂಚಿಗೆ ನೋಡಿದರು. ಕುಂಚಿಗೆಯನ್ನು ನನ್ನ ಅಂಗೈಯಲ್ಲಿ ಇಟ್ಟು, ಕೂಸನ್ನು ತೊಟ್ಟಿಲಿನಿಂದ ಎತ್ತಿ ನನ್ನ ಕಡೆ ತಿರುಗಿಸಿ ಹಿಡಿದರು.

ಕೂಸಿನ ಗಲ್ಲದ ಕೆಳಗೆ ಲಾಡಿ ಕಟ್ಟಬೇಕು. ಸಣ್ಣ ಲಾಡಿ, ಜಾರುವ ಬಟ್ಟೆ. ಮೊದಲ ಗಂಟು ಬಿಚ್ಚಿಕೊಂಡಿತು, ಎರಡನೆಯದೂ ಬಿಚ್ಚಿಕೊಂಡಿತು. ಯಾರೂ ಕೈ ಹಾಕಲಿಲ್ಲ, ಕೊಡು ನಾ ಕಟ್ಟತೇನಿ ಅನ್ನಲಿಲ್ಲ. ಭಾಳ ಹೊತ್ತು ಹಿಡಿಯಿತು. ಎಲ್ಲರೂ ಕಾದರು.